ಒಡೆಯನ ಮುಂದೆ ನಿಲ್ಲುವ ಸೇವಕ: ‘ಕಿಂಗ್ ಲಿಯರ್’ ನಾಟಕದಲ್ಲಿ ನಿಷ್ಠೆ, ಮುಖಸ್ತುತಿ ಮತ್ತು ಅಂತಸ್ತು

1606ನೆಯ ಇಸವಿಯ ಡಿಸೆಂಬರ್ 26ರ ರಾತ್ರಿ ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ, ದೊರೆ ಜೇಮ್ಸನ ಸಮ್ಮುಖದಲ್ಲಿ, ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಪ್ರದರ್ಶನವಾಯಿತು. 1608ರಲ್ಲಿ ಅಚ್ಚಾದ ಪ್ರತಿಯ ಮುಖಪುಟ ಈ ಸಂಗತಿಯನ್ನು ದಾಖಲಿಸಿ, ಅದು ಸಂತ ಸ್ತೆಫನನ ಹಬ್ಬದ ರಾತ್ರಿಯೆಂಬುದನ್ನೂ ನಮೂದಿಸುತ್ತದೆ. ಆಡಿದವರು ದೊರೆಯ ಹೆಸರನ್ನೇ ಹೊತ್ತ ಮಂಡಳಿಯವರು. 1603ರಿಂದ ಅವರು ಅಧಿಕೃತವಾಗಿ ರಾಜಸೇವಕರು. ಹೀಗೆ, ಸೇವಕರು ತಮ್ಮ ಒಡೆಯನ ಎದುರಿಗೆ ನಿಂತು, ಹೊಗಳಿಕೆಗೆ ಕಿವಿಗೊಟ್ಟು ಹಾಳಾದ ಒಬ್ಬ ಒಡೆಯನ ಕಥೆಯನ್ನು ಆಡಿ ತೋರಿಸಿದರು. ಸ್ತೆಫನನಾದರೋ ಯೆರೂಸಲೇಮಿನ ಸಭೆಯಲ್ಲಿ ವಿಧವೆಯರ ದಿನನಿತ್ಯದ ಊಟದ ವಿಚಾರಣೆಗೆಂದು ನೇಮಕಗೊಂಡ ಏಳು ಮಂದಿಯಲ್ಲಿ ಮೊದಲ ಹೆಸರಿನವನು. ಹಿರೀಸಭೆಯ ಮುಂದೆ ಸತ್ಯವನ್ನು ನುಡಿದು ಕಲ್ಲೇಟಿನಿಂದ ಸತ್ತವನು. ಈ ಹೊಂದಿಕೆಯನ್ನು ನಾಟಕಕಾರ ಉದ್ದೇಶಿಸಿದ್ದನೆಂದು ನಾವು ವಾದಿಸುವುದಿಲ್ಲ. ಆದರೆ ಪಂಕ್ತಿಯಲ್ಲಿ ಬಡಿಸುವ ಕೈಯೂ ಅಧಿಕಾರದ ಮುಂದೆ ಸತ್ಯ ಹೇಳುವ ಬಾಯಿಯೂ ಒಬ್ಬನವೇ ಆಗಿರಬಲ್ಲವು ಎಂಬ ಆ ಹಬ್ಬದ ನೆನಪು ಈ ನಾಟಕವನ್ನು ಓದಲು ನಮಗೆ ಒಳ್ಳೆಯ ಬಾಗಿಲು.

ಈ ಕಥೆ ಕನ್ನಡಕ್ಕೆ ಹೊಸದಲ್ಲ. ಎಂ. ಎಸ್. ಪುಟ್ಟಣ್ಣನವರು ‘ಹೇಮಚಂದ್ರರಾಜ ವಿಲಾಸ’ವೆಂಬ ಹೆಸರಿನಲ್ಲಿ ಇದನ್ನು ನಮ್ಮ ನೆಲಕ್ಕೆ ಒಗ್ಗಿಸಿದರು, ಮಾಸ್ತಿಯವರು ‘ಲಿಯರ್ ಮಹಾರಾಜ’ವೆಂದು ಅನುವಾದಿಸಿದರು. ನಮ್ಮ ಧರ್ಮಪೀಠಗಳಿಗೂ ಇದು ಪರಿಚಿತವೇ. ಮುದಿ ಅರಸನು ರಾಜ್ಯವನ್ನು ಹಂಚುವ ಮುನ್ನ ಮೂವರು ಹೆಣ್ಣುಮಕ್ಕಳನ್ನು ಕರೆದು, ನನ್ನನ್ನು ಯಾರು ಹೆಚ್ಚು ಪ್ರೀತಿಸುತ್ತೀರಿ ಎಂದು ಕೇಳುತ್ತಾನೆ. ಹಿರಿಯವರಿಬ್ಬರು, ಗಾನೆರಿಲ್ ಮತ್ತು ರೀಗನ್, ಬಣ್ಣದ ಮಾತಾಡಿ ರಾಜ್ಯ ಪಡೆಯುತ್ತಾರೆ. ಕಿರಿಯಳಾದ ಕಾರ್ಡೀಲಿಯ ಮೌನವನ್ನು ಆರಿಸಿಕೊಂಡು ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ. ಅವಳ ಪರವಾಗಿ ಮಾತಾಡಿದ ಕೆಂಟ್ ಗಡೀಪಾರಾಗುತ್ತಾನೆ. ಇಚ್ಚಕದವರನ್ನು ನಂಬಬೇಡಿ, ನೇರ ನುಡಿಯುವವರನ್ನು ದೂರ ಮಾಡಬೇಡಿ ಎಂಬ ನೀತಿಯನ್ನು ಇದರಿಂದ ಹೆಕ್ಕುವುದು ಸುಲಭ. ಈ ನೀತಿ ಸುಳ್ಳಲ್ಲ. ಆದರೆ ನಾಟಕ ಅಷ್ಟಕ್ಕೇ ನಿಲ್ಲುವುದಿಲ್ಲವೆಂಬುದೂ, ಅಷ್ಟಕ್ಕೇ ನಿಲ್ಲಿಸಿದರೆ ಸಭೆಯ ಸೇವೆಯಲ್ಲಿರುವ ನಾವು ಬಹಳ ಅಗ್ಗವಾಗಿ ಪಾರಾಗುತ್ತೇವೆಂಬುದೂ ಈ ಬರಹದ ವಾದ.

ಮೊದಲನೆಯದಾಗಿ, ಮುಖಸ್ತುತಿಯು ಎಲ್ಲಿ ಹುಟ್ಟುತ್ತದೆಂಬುದನ್ನು ನೋಡೋಣ. ಅದು ಗಾನೆರಿಲಳ ನಾಲಗೆಯಲ್ಲಿ ಹುಟ್ಟುವುದಿಲ್ಲ. ಲಿಯರನ ಪ್ರಶ್ನೆಯಲ್ಲಿ ಹುಟ್ಟುತ್ತದೆ. ಪ್ರಶ್ನೆ ಕೇಳುವವನು ಅರಸ ಮತ್ತು ತಂದೆ. ಉತ್ತರಿಸಬೇಕಾದವರು ಪ್ರಜೆಗಳು ಮತ್ತು ಮಕ್ಕಳು. ಉತ್ತರಕ್ಕೆ ಕಟ್ಟಿದ ಬೆಲೆ ನೆಲ. ಕೇಳಿ ಪಡೆಯುವ ಹೊಗಳಿಕೆಯಲ್ಲಿ ಹೊಗಳುವವನ ಪಾಪಕ್ಕಿಂತ ಕೇಳುವವನ ಪಾಪ ಹಿರಿದು. ಕಾರ್ಡೀಲಿಯ ತನ್ನ ತಂದೆಯನ್ನು ತನಗಿರುವ ಬಂಧಕ್ಕೆ ತಕ್ಕಂತೆ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ಪ್ರೀತಿಸುವೆನೆನ್ನುತ್ತಾಳೆ. ಈ ಮಾತನ್ನು ಬಿಗುಮಾನವೆಂದು ದೂರಿದ ವಿಮರ್ಶಕರಿದ್ದಾರೆ. ನಮಗಾದರೋ ಇದರಲ್ಲಿ ಒಡಂಬಡಿಕೆಯ ಭಾಷೆ ಕೇಳಿಸುತ್ತದೆ. ಬಂಧವೆಂಬುದು ಹರಾಜಿಗೆ ಬಾರದ ಪ್ರೀತಿ. ಪರಿಮಿತಿಯನ್ನು ಒಪ್ಪಿಕೊಂಡ ಕಾರಣದಿಂದಲೇ ಅದು ಬಾಳುತ್ತದೆ. ಎಲ್ಲವನ್ನೂ ನಿನಗೇ ಕೊಟ್ಟೆನೆನ್ನುವ ಅಕ್ಕಂದಿರು ಎರಡನೆಯ ಅಂಕ ಮುಗಿಯುವುದರೊಳಗೆ ತಂದೆಯ ನೂರು ಮಂದಿ ಪರಿವಾರವನ್ನು ಐವತ್ತು, ಇಪ್ಪತ್ತೈದು, ಹತ್ತು, ಐದು ಎಂದು ಇಳಿಸುತ್ತಾ, ಒಬ್ಬನಾದರೂ ಏಕೆಂದು ಕೇಳುತ್ತಾರೆ. ಪ್ರೀತಿಯನ್ನು ಅಳತೆಗೆ ಇಳಿಸಿದವನು ಮೊದಲು ಲಿಯರನೇ. ಮಕ್ಕಳು ಆ ಅಳತೆಗೋಲನ್ನು ಅವನ ಮೇಲೆಯೇ ಪ್ರಯೋಗಿಸುತ್ತಾರೆ.

ಇಲ್ಲಿ ಕೆಂಟನ ಪ್ರತಿಭಟನೆಯ ರೀತಿಯನ್ನು ಗಮನಿಸಬೇಕು. ಅವನು ಮೊದಲು ತನ್ನ ಋಣಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಅರಸನೆಂದು ಗೌರವಿಸಿದ್ದಾನೆ, ತಂದೆಯೆಂದು ಪ್ರೀತಿಸಿದ್ದಾನೆ, ಒಡೆಯನೆಂದು ಹಿಂಬಾಲಿಸಿದ್ದಾನೆ, ಪೋಷಕನೆಂದು ಪ್ರಾರ್ಥನೆಗಳಲ್ಲಿ ನೆನೆದಿದ್ದಾನೆ. ಲಿಯರನು ಅವನನ್ನು ತಡೆದ ಮೇಲೆ ಬಿರುದುಗಳೆಲ್ಲ ಒಮ್ಮೆಗೇ ಕಳಚುತ್ತವೆ. ಕೆಂಟ್ ಅರಸನನ್ನು ಮುದುಕನೆಂದು ಕರೆದು ಏಕವಚನದಲ್ಲಿ ಮಾತಾಡುತ್ತಾನೆ. ಈ ಪಲ್ಲಟದ ಪೆಟ್ಟನ್ನು ಇಂದಿನ ಇಂಗ್ಲಿಷ್ ಓದುಗನಿಗೆ ಟಿಪ್ಪಣಿ ಬರೆದು ವಿವರಿಸಬೇಕಾಗುತ್ತದೆ. ಕನ್ನಡದವರಿಗೆ ವಿವರಣೆ ಬೇಡ. ತಾವು ಎಂಬುದರಿಂದ ನೀನು ಎಂಬುದಕ್ಕೆ ಇಳಿಯುವುದೆಂದರೇನೆಂದು ನಾವು ಬಾಲ್ಯದಿಂದ ಬಲ್ಲೆವು. ಅದೇ ನಾವು ದೇವರನ್ನು ಪ್ರಾರ್ಥಿಸುವಾಗ ನೀನು ಎಂದೇ ಕರೆಯುತ್ತೇವೆ. ಮನುಷ್ಯನಿಗೆ ಅವಮಾನವೆನಿಸುವ ಏಕವಚನ ದೇವರ ಮುಂದೆ ನಂಬಿಕೆಯ ಸಲಿಗೆಯಾಗುತ್ತದೆ. ಮನುಷ್ಯರಲ್ಲಿ ಈ ಮಾತನ್ನು ಸಹಿಸಲಾರದವನು ತಾನು ದೇವರಿಗಿಂತ ಮೇಲೆ ಕುಳಿತಿರುವನೆಂದೇ ಅರ್ಥವಲ್ಲವೆ? ಲಿಯರ್ ಕತ್ತಿಗೆ ಕೈಹಾಕುತ್ತಾನೆ. ಸಿದ್ಧತೆಗೆ ಐದು ದಿನ. ಆರನೆಯ ದಿನ ರಾಜ್ಯಕ್ಕೆ ಬೆನ್ನು ಹಾಕಬೇಕು. ಹತ್ತನೆಯ ದಿನ ಗಡಿಯೊಳಗೆ ಕಂಡರೆ ಮರಣ.

ಕೆಂಟ್ ಹೋಗುವುದಿಲ್ಲ. ವೇಷ ಮರೆಸಿ, ಮಾತಿನ ಧಾಟಿ ಬದಲಿಸಿ, ತನ್ನನ್ನು ಓಡಿಸಿದ ಒಡೆಯನಲ್ಲಿಯೇ ಆಳಾಗಿ ಸೇರುತ್ತಾನೆ. ಇಲ್ಲಿಯವರೆಗೆ ನಮ್ಮ ಮೆಚ್ಚುಗೆ ನಿರಾತಂಕವಾಗಿ ಸಾಗುತ್ತದೆ. ಆದರೆ ಎರಡನೆಯ ಅಂಕದಲ್ಲಿ ಅವನು ಗಾನೆರಿಲಳ ಮನೆವಾರ್ತೆಯವನಾದ ಆಸ್ವಾಲ್ಡನನ್ನು ಎದುರಿಸುವ ದೃಶ್ಯ ನಮ್ಮನ್ನು ತಡೆಯಬೇಕು. ಕೆಂಟನ ಬೈಗುಳದ ಮಹಾಪೂರದಲ್ಲಿ ಆಸ್ವಾಲ್ಡನ ವಂಚನೆಗಿಂತ ಅವನ ಬಡತನವೇ ಹೆಚ್ಚು ಹೀಯಾಳಿಕೆಗೆ ಗುರಿಯಾಗುತ್ತದೆ: ಅವನಿಗಿರುವ ಬಟ್ಟೆಗಳ ಲೆಕ್ಕ, ಅವನ ಆಸ್ತಿಯ ಅಲ್ಪತೆ, ಅವನು ತೊಟ್ಟ ಒರಟು ಉಣ್ಣೆಯ ಕಾಲುಚೀಲ, ಮಿಕ್ಕಿದ ಊಟ ತಿನ್ನುವ ಅವನ ಬದುಕು. ಆಳಿನ ವೇಷದಲ್ಲಿರುವ ಕೆಂಟನ ಬಾಯಲ್ಲಿ ಪ್ರಭುವಿನ ತಿರಸ್ಕಾರ ಹಾಗೆಯೇ ಉಳಿದಿದೆ. ಅವನು ಇಚ್ಚಕವನ್ನು ದ್ವೇಷಿಸುತ್ತಾನೆ, ನಿಜ. ಆದರೆ ತಮ್ಮ ಅಂತಸ್ತನ್ನು ಮೀರಿ ಏರಲೆಳಸುವ ಕೆಳಗಿನವರನ್ನೂ ಅಷ್ಟೇ ದ್ವೇಷಿಸುತ್ತಾನೆ. ಸತ್ಯವಂತನ ಕೋಪದಲ್ಲಿಯೂ ಕುಲದ ಹೆಮ್ಮೆ ಬೆರೆತಿರಬಹುದೆಂಬುದನ್ನು ನಾಟಕ ಮರೆಮಾಚುವುದಿಲ್ಲ.

ಆಸ್ವಾಲ್ಡನಾದರೂ ನಿಷ್ಠೆಯಿಲ್ಲದವನೇ? ರೀಗನ್ ಆಮಿಷ ತೋರಿದರೂ ಒಡತಿಯ ಪತ್ರವನ್ನು ಬಿಚ್ಚಲು ಅವನು ಬಿಡುವುದಿಲ್ಲ. ಎಡ್ಗರನ ಏಟಿಗೆ ಸಾಯುವಾಗಲೂ ಆ ಪತ್ರವನ್ನು ತಲಪಿಸಬೇಕೆಂದು ತನ್ನನ್ನು ಕೊಂದವನನ್ನೇ ಬೇಡುತ್ತಾನೆ. ಎಡ್ಗರನು ಅವನನ್ನು ಒಡತಿಯ ಕೆಡುಕಿಗೆ ಅತಿ ವಿಧೇಯನಾದ ಸೇವಕನೆಂದು ತೀರ್ಮಾನಿಸುತ್ತಾನೆ. ಇಲ್ಲಿ ನಮಗೆ ಪೌಲನ ಮಾತು ನೆನಪಾಗದೆ ಇರದು. ಅಪೊಸ್ತಲರನ್ನು ಮನೆವಾರ್ತೆಯವರೆಂದು ಕರೆದು, ಅಂಥವರಲ್ಲಿ ಮುಖ್ಯವಾಗಿ ಇರಬೇಕಾದದ್ದು ನಂಬಿಗಸ್ತಿಕೆಯೆಂದು ಅವನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಆ ಒಂದು ಗುಣವನ್ನೇ ಹಿಡಿದು ಅಳೆದರೆ ಆಸ್ವಾಲ್ಡನು ಉತ್ತಮ ಮನೆವಾರ್ತೆಯವನು! ಆದರೆ ಪೌಲನು ಅವರನ್ನು ದೇವರ ರಹಸ್ಯಾರ್ಥಗಳ ಮನೆವಾರ್ತೆಯವರೆಂದು ಮೊದಲೇ ಹೇಳಿಯಾಗಿದೆ. ಮನುಷ್ಯರ ಗುಟ್ಟುಗಳನ್ನು ಕಾಯುವವರೆಂದಲ್ಲ. ನಿಷ್ಠೆಯು ತನ್ನಷ್ಟಕ್ಕೆ ಸದ್ಗುಣವಲ್ಲ. ಅದು ಯಾರಿಗೆ ಎಂಬುದಲ್ಲದೆ ಯಾವುದಕ್ಕೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು.

ನೇರ ನುಡಿಗೂ ಇದೇ ಪರೀಕ್ಷೆ ಉಂಟು. ಕೆಂಟನಿಗೆ ಕೋಳ ಹಾಕಿಸುವ ಮುನ್ನ ಕಾರ್ನ್‌ವಾಲ್ ಒಂದು ಮಾತನ್ನು ಹೇಳುತ್ತಾನೆ: ಒರಟುತನಕ್ಕೆ ಒಮ್ಮೆ ಹೊಗಳಿಕೆ ಪಡೆದ ಕೆಲವರು ಅದನ್ನೇ ವೇಷವಾಗಿ ತೊಡುತ್ತಾರೆ, ಬಾಗಿ ನಮಸ್ಕರಿಸುವ ಇಪ್ಪತ್ತು ಮಂದಿ ಇಚ್ಚಕದವರಿಗಿಂತ ಅಂಥವರ ನೇರತನದಲ್ಲಿ ಹೆಚ್ಚು ಕುಯುಕ್ತಿ ಇರುತ್ತದೆ. ಕೆಂಟನ ವಿಷಯದಲ್ಲಿ ಈ ಮಾತು ತಪ್ಪು, ಹೇಳಿದವನು ದುಷ್ಟ. ಆದರೂ ಮಾತಿನಲ್ಲಿ ತಿರುಳಿದೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಎಂದು ಹೇಳಿಕೊಳ್ಳುತ್ತ, ಅಧಿಕಾರದಲ್ಲಿರುವವರ ವೈರಿಗಳನ್ನು ಮಾತ್ರ ನಿಷ್ಠುರವಾಗಿ ಖಂಡಿಸುವ ಬೋಧಕನು ಮುಖಸ್ತುತಿಯ ಇನ್ನೊಂದು ಮಾರ್ಗವನ್ನು ಕಂಡುಕೊಂಡಿದ್ದಾನಷ್ಟೆ. ಹಾಗಾದರೆ ನಿಜವಾದ ನೇರ ನುಡಿಯನ್ನು ಗುರುತಿಸುವುದೆಂತು? ಧ್ವನಿಯಿಂದಲ್ಲ, ತೆತ್ತ ಬೆಲೆಯಿಂದ. ಅಹಾಬನ ಮುಂದೆ ನಾನೂರು ಮಂದಿ ಪ್ರವಾದಿಗಳು ಒಂದೇ ಕಂಠದಲ್ಲಿ ಜಯವನ್ನು ಸಾರಿದಾಗ ಮೀಕಾಯೆಹುವೊಬ್ಬನೇ ಬೇರೆ ಮಾತಾಡಿ ಸೆರೆಮನೆಗೆ ಹೋದನು. ಯೆರೆಮೀಯನಿಗೆ ದೇವಾಲಯದ ಅಧಿಕಾರಿಯೇ ಕೋಳ ಹಾಕಿಸಿದನು. ಕೋಳದಲ್ಲಿ ಕಾಲು ಸಿಕ್ಕಿಸಿಕೊಂಡು ಕುಳಿತ ಕೆಂಟ್ ಈ ಸಾಲಿನವನು.

ವಿದೂಷಕನ ಪಾತ್ರ ಇದಕ್ಕೆ ಪೂರಕ. ಅವನಿಗೆ ಸತ್ಯ ಹೇಳಲು ಪರವಾನಗಿ ಇದೆ. ಅರಸನ ಮೂರ್ಖತನವನ್ನು ಅವನು ಹಾಡಾಗಿ, ಒಗಟಾಗಿ ಹೇಳುತ್ತಲೇ ಇರುತ್ತಾನೆ. ಲಿಯರನು ಕೇಳುತ್ತಾನೆ, ನೋಯುತ್ತಾನೆ, ಚಾಟಿಯ ಭಯ ತೋರಿಸುತ್ತಾನೆ, ಆದರೆ ಅವನ ಮಾತಿನಂತೆ ಏನನ್ನೂ ಮಾಡುವುದಿಲ್ಲ. ಅಧಿಕಾರವು ತನ್ನ ಮನರಂಜನೆಗೆಂದು ಸಾಕಿಕೊಂಡ ಸತ್ಯಕ್ಕೆ ಹಲ್ಲಿಲ್ಲ. ಆದರೂ ಬೆಟ್ಟದಿಂದ ಉರುಳುವ ದೊಡ್ಡ ಚಕ್ರವನ್ನು ಕೈಬಿಡಬೇಕೆಂದು ಕೆಂಟನಿಗೆ ಬುದ್ಧಿ ಹೇಳುವ ಈ ವಿದೂಷಕನು ತಾನು ಮಾತ್ರ ಬಿರುಗಾಳಿಯಲ್ಲಿ ಒಡೆಯನ ಪಕ್ಕದಲ್ಲಿ ನಡುಗುತ್ತ ನಿಲ್ಲುತ್ತಾನೆ. ಮೂರನೆಯ ಅಂಕದ ನಂತರ ಅವನು ಕಾಣಿಸಿಕೊಳ್ಳುವುದಿಲ್ಲ.

ನಾಟಕದ ಹೃದಯವು ನಾಲ್ಕನೆಯ ಅಂಕದಲ್ಲಿ, ಹುಚ್ಚು ಹಿಡಿದ ಲಿಯರನು ಡೋವರಿನ ಬಳಿಯ ಹೊಲದಲ್ಲಿ ಆಡುವ ಮಾತಿನಲ್ಲಿದೆ ಎಂದು ನಾವು ತಿಳಿಯುತ್ತೇವೆ. ಅವರು ನಾಯಿಯಂತೆ ನನ್ನನ್ನು ಓಲೈಸಿದರು, ಗಡ್ಡದಲ್ಲಿ ಕಪ್ಪು ಕೂದಲು ಮೂಡುವ ಮೊದಲೇ ಬಿಳಿಯದು ಬಂದಿದೆಯೆಂದರು, ನಾನು ಅಂದದ್ದಕ್ಕೆಲ್ಲ ಹೌದೆಂದೂ ಅಲ್ಲವೆಂದೂ ತಾಳ ಹಾಕಿದರು ಎಂದು ನೆನೆದು, ಅದು ಒಳ್ಳೆಯ ದೈವಶಾಸ್ತ್ರವಲ್ಲ ಎಂದು ತೀರ್ಪು ಕೊಡುತ್ತಾನೆ. ಅವನು ಬಳಸುವ ಪದ ದೈವಶಾಸ್ತ್ರವೆಂಬುದೇ! ಮಳೆ ತನ್ನನ್ನು ತೋಯಿಸಿದಾಗ, ಗುಡುಗು ತನ್ನ ಆಜ್ಞೆಗೆ ಸುಮ್ಮನಾಗದಿದ್ದಾಗ ಅವರ ಸುಳ್ಳು ತಿಳಿಯಿತೆನ್ನುತ್ತಾನೆ. ಮುಖಸ್ತುತಿಯನ್ನು ನಾವು ಸಾಮಾನ್ಯವಾಗಿ ಶಿಷ್ಟಾಚಾರದ ಅತಿರೇಕವೆಂದು, ಹೆಚ್ಚೆಂದರೆ ಸುಳ್ಳಿನ ಒಂದು ಬಗೆಯೆಂದು ಎಣಿಸುತ್ತೇವೆ. ಲಿಯರನು ಅದನ್ನು ದೇವರ ಕುರಿತಾದ ತಪ್ಪು ಬೋಧನೆಯ ಪಟ್ಟಿಗೆ ಸೇರಿಸುತ್ತಾನೆ. ಮಳೆ ಗಾಳಿಗಳನ್ನು ಗದರಿಸುವ ಅಧಿಕಾರ ಯಾರದೆಂದು ಸುವಾರ್ತೆಯನ್ನು ಓದಿದವರಿಗೆ ತಿಳಿದಿದೆ. ಅದನ್ನು ಮನುಷ್ಯನಿಗೆ ಆರೋಪಿಸುವುದು ವಿಗ್ರಹಾರಾಧನೆಯಲ್ಲದೆ ಬೇರೇನು?

ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿ ಇದೇ ಪಾಠವಿದೆ. ರಾಜವಸ್ತ್ರ ಧರಿಸಿ ಮಾತಾಡಿದ ಹೆರೋದನ ಧ್ವನಿಯನ್ನು ಜನರು ದೇವರ ಧ್ವನಿಯೆಂದು ಕೂಗಿದರು. ಅವನು ಆ ಮಹಿಮೆಯನ್ನು ದೇವರಿಗೆ ಸಲ್ಲಿಸದೆ ಸತ್ತನು. ಲೂಕನು ಅಲ್ಲಿ ಒಂದು ಸಣ್ಣ ವಿವರವನ್ನು ಕೊಡುತ್ತಾನೆ: ತೂರ್ ಮತ್ತು ಸೀದೋನಿನವರು ಅವನೊಡನೆ ಸಮಾಧಾನ ಬೇಡಿ ಬಂದದ್ದು ಅವರ ಸೀಮೆಗೆ ಆಹಾರ ಬರುತ್ತಿದ್ದದ್ದು ಅರಸನ ಸೀಮೆಯಿಂದಾದ ಕಾರಣ. ಹಸಿದವನ ಹೊಗಳಿಕೆಯನ್ನು ಉಂಡವನು ಸುಲಭವಾಗಿ ಖಂಡಿಸಬಾರದು. ಅನ್ನವು ಒಬ್ಬನ ಕೈಯಲ್ಲಿರುವ ಕಡೆ ಇಚ್ಚಕವೇ ಎಲ್ಲರ ನುಡಿಯಾಗುತ್ತದೆ. ಇದನ್ನು ಲಿಯರನೂ ಬಿರುಗಾಳಿಯಲ್ಲಿ ಕಲಿಯುತ್ತಾನೆ. ಮನೆಯಿಲ್ಲದ ಬತ್ತಲೆ ಬಡವರನ್ನು ನೆನೆದು, ಇವರ ವಿಷಯದಲ್ಲಿ ತಾನು ಬಹಳ ಅಲಕ್ಷ್ಯ ಮಾಡಿದೆನೆಂದು ಒಪ್ಪಿಕೊಳ್ಳುತ್ತಾನೆ. ಕೆಂಟನು ಒಡೆಯನ ಮುಖದಲ್ಲಿಯೇ ಅಧಿಕಾರವನ್ನು ಕಂಡವನು. ಲಿಯರನಾದರೋ ಭಿಕ್ಷುಕನನ್ನು ಅಟ್ಟಿಸಿಕೊಂಡು ಹೋಗುವ ನಾಯಿಯಲ್ಲಿ ಅಧಿಕಾರದ ಪ್ರತಿಮೆಯನ್ನು ಕಾಣುತ್ತಾನೆ. ಅರಸನ ಅರಿವು ಇಲ್ಲಿ ಅವನ ನಿಷ್ಠಾವಂತ ಸೇವಕನ ಅರಿವನ್ನು ದಾಟಿ ಮುಂದೆ ಹೋಗಿದೆ.

ಈ ಎಲ್ಲಕ್ಕೂ ನಾಟಕ ಕೊಡುವ ಉತ್ತರ ಒಬ್ಬ ಹೆಸರಿಲ್ಲದ ಆಳು. ಮೂರನೆಯ ಅಂಕದ ಕೊನೆಯ ದೃಶ್ಯದಲ್ಲಿ ಕಾರ್ನ್‌ವಾಲನು ಮುದಿ ಗ್ಲಾಸ್ಟರನ ಒಂದು ಕಣ್ಣನ್ನು ಕಿತ್ತು ಇನ್ನೊಂದಕ್ಕೆ ಕೈ ನೀಡುವಾಗ ಅವನ ಸ್ವಂತ ಸೇವಕನು ತಡೆಯುತ್ತಾನೆ. ಬಾಲ್ಯದಿಂದ ನಿಮ್ಮ ಊಳಿಗದಲ್ಲಿದ್ದೇನೆ, ಆದರೆ ಕೈ ತಡೆಯಿರಿ ಎಂದು ಹೇಳುವ ಈ ಸೇವೆಗಿಂತ ಉತ್ತಮ ಸೇವೆಯನ್ನು ಹಿಂದೆಂದೂ ಮಾಡಿಲ್ಲವೆನ್ನುತ್ತಾನೆ. ಅವನು ಸೇವೆಯನ್ನು ಬಿಟ್ಟು ಎದುರಾಗುವುದಿಲ್ಲ. ಎದುರಾಗುವುದನ್ನೇ ಸೇವೆಯೆಂದು ಕರೆಯುತ್ತಾನೆ. ರೀಗನಳನ್ನು ಕೆರಳಿಸುವುದು ಅವನ ವಾದವಲ್ಲ, ಅವನ ಅಂತಸ್ತು: ಒಬ್ಬ ಹಳ್ಳಿಗ ಹೀಗೆ ಎದ್ದು ನಿಲ್ಲುವುದೇ ಎಂದು ಅವಳು ಬೆರಗಾಗಿ, ಕತ್ತಿ ಹಿರಿದು ಅವನನ್ನು ಹಿಂದಿನಿಂದ ಇರಿಯುತ್ತಾಳೆ. ಗ್ಲಾಸ್ಟರನ ಎರಡನೆಯ ಕಣ್ಣು ಉಳಿಯುವುದಿಲ್ಲ. ಆದರೆ ಆಳು ಮಾಡಿದ ಗಾಯದಿಂದ ಕಾರ್ನ್‌ವಾಲ್ ಸಾಯುತ್ತಾನೆ; ಅದರಿಂದ ಮುಂದಿನ ಕಥೆಯ ದಿಕ್ಕೇ ಬದಲಾಗುತ್ತದೆ. ಪ್ರಭುಗಳಾರೂ ಮಾಡಲಾರದ್ದನ್ನು ಒಬ್ಬ ಊಳಿಗದವನು ಮಾಡಿದನು.

1608ರ ಪ್ರತಿಯಲ್ಲಿ ಆ ಬಳಿಕ ಇನ್ನಿಬ್ಬರು ಸೇವಕರ ಚಿಕ್ಕ ಸಂಭಾಷಣೆಯಿದೆ. ಅವರಲ್ಲೊಬ್ಬನು ಗ್ಲಾಸ್ಟರನ ನೆತ್ತರು ಸುರಿಯುವ ಮುಖಕ್ಕೆ ಹಚ್ಚಲು ನಾರು ಮತ್ತು ಮೊಟ್ಟೆಯ ಬಿಳಿಯನ್ನು ತರಲು ಹೋಗುತ್ತಾನೆ. 1623ರ ಸಂಪುಟದಲ್ಲಿ ಈ ಸಾಲುಗಳಿಲ್ಲ. ಅವು ಇರುವ ಪಾಠವನ್ನೇ ನಾವು ಮೆಚ್ಚುತ್ತೇವೆ. ಒಬ್ಬ ಸೇವಕ ಅನ್ಯಾಯವನ್ನು ತಡೆಯಹೋಗಿ ಸತ್ತನು. ಇನ್ನೊಬ್ಬ ಗಾಯಕ್ಕೆ ಮದ್ದು ಕಟ್ಟಿದನು. ಸ್ತೆಫನನ ಹಬ್ಬದ ರಾತ್ರಿ ಈ ಎರಡೂ ಸೇವೆಗಳನ್ನು ರಂಗದ ಮೇಲೆ ಒಟ್ಟಿಗೆ ಕಾಣುವುದು ಉಚಿತವೇ ಸರಿ.

ಕೆಂಟನ ಕೊನೆಯ ಕುರಿತು ನಮ್ಮದೊಂದು ಆಕ್ಷೇಪವಿದೆ. ಕಾರ್ಡೀಲಿಯಳ ಶವವನ್ನು ಹೊತ್ತು ತಂದ ಲಿಯರನ ಮುಂದೆ ಅವನು ಕಡೆಗೆ ತನ್ನ ಗುರುತು ಹೇಳಿಕೊಳ್ಳುತ್ತಾನೆ. ದುಃಖದಲ್ಲಿ ಮುಳುಗಿದ ಲಿಯರನಿಗೆ ಅದು ಸರಿಯಾಗಿ ತಟ್ಟುವುದೇ ಇಲ್ಲ. ಆಲ್ಬನಿಯು ಹಾಳಾದ ರಾಜ್ಯವನ್ನು ಎತ್ತಿ ನಿಲ್ಲಿಸಲು ಕೆಂಟನನ್ನೂ ಎಡ್ಗರನನ್ನೂ ಕೇಳಿಕೊಂಡಾಗ, ತನ್ನ ಒಡೆಯ ಕರೆಯುತ್ತಿದ್ದಾನೆ, ತಾನು ಪಯಣ ಹೊರಡಬೇಕೆಂದು ಕೆಂಟ್ ನಿರಾಕರಿಸುತ್ತಾನೆ. ನಮ್ಮ ನಾಡಿನಲ್ಲಿ ಈ ನಿಷ್ಠೆಗೆ ಹಳೆಯ ಹೆಸರುಗಳುಂಟು: ಉಂಡ ಋಣಕ್ಕೆ ಕಾದುವುದು ಜೋಳವಾಳಿ, ಒಡೆಯನೊಡನೆ ಸಾಯುವ ಭಾಷೆ ವೇಳೆವಾಳಿ. ಹೊಯ್ಸಳ ಬಲ್ಲಾಳನಿಗಾಗಿ ಪ್ರಾಣ ಬಿಟ್ಟ ಕುವರಲಕ್ಷ್ಮನನ್ನು ಹಳೇಬೀಡಿನ ಶಾಸನ ಇಂದಿಗೂ ನೆನೆಯುತ್ತದೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಯಲ್ಲಿ ಬೆಳೆದ ನಮಗೆ ಕೆಂಟನ ಮೇಲೆ ಕಣ್ಣೀರು ಸಹಜ. ಆದರೆ ಒಡೆಯನೊಬ್ಬನಿಗೆ ಕಟ್ಟಿಕೊಂಡ ನಿಷ್ಠೆಗೆ ಅವನ ಸಾವಿನಾಚೆ ಮಾಡಲು ಕೆಲಸವೇ ಉಳಿಯದು. ಬಡವರಿಗೆ ಆಗ ಬೇಕಾಗಿದ್ದದ್ದು ಕೆಂಟನ ಸಾವಲ್ಲ, ಅವನ ಆಡಳಿತ. ನಮ್ಮ ಒಡೆಯನಾದರೋ ಸತ್ತು ಜೀವಿತನಾಗಿ ಎದ್ದವನು. ತನ್ನವರನ್ನು ಇನ್ನು ಆಳುಗಳೆನ್ನದೆ ಸ್ನೇಹಿತರೆಂದವನು. ಅವನ ಸೇವಕರಿಗೆ ನಾಳೆಯ ಕೆಲಸವನ್ನು ಬಿಟ್ಟುಹೋಗುವ ಹಕ್ಕಿಲ್ಲ.

ಹೀಗೆಂದು ನಾಟಕಕ್ಕೆ ಸ್ನಾನದೀಕ್ಷೆ ಕೊಡಲು ನಾವು ಹೊರಟಿಲ್ಲ. 1605ರಲ್ಲಿ ಅಚ್ಚಾದ ಹಳೆಯ ಲಿಯರ್ ನಾಟಕ ಕ್ರೈಸ್ತ ಆವರಣದ್ದು. ಅಲ್ಲಿ ಅರಸನು ಮರಳಿ ಸಿಂಹಾಸನವೇರುತ್ತಾನೆ. ಷೇಕ್ಸ್‌ಪಿಯರನು ಆ ಆವರಣವನ್ನೂ ಆ ಸುಖಾಂತವನ್ನೂ ತೆಗೆದುಹಾಕಿದನು. 1681ರಲ್ಲಿ ನೇಹಮ್ ಟೇಟ್ ವಿದೂಷಕನನ್ನು ಕೈಬಿಟ್ಟು, ಕಾರ್ಡೀಲಿಯಳನ್ನು ಬದುಕಿಸಿ ಎಡ್ಗರನಿಗೆ ಮದುವೆ ಮಾಡಿಸಿದನು. ಒಂದೂವರೆ ಶತಮಾನ ರಂಗಭೂಮಿಯನ್ನು ಆ ಪಾಠವೇ ಆಳಿತು. 1838ರಲ್ಲಿ ಮ್ಯಾಕ್ರೀಡಿಯು ವಿದೂಷಕನನ್ನು ರಂಗಕ್ಕೆ ಮರಳಿ ತಂದನು. ಟೇಟನು ಮಾಡಿದ್ದು ಪ್ರೇಕ್ಷಕರ ಮುಖಸ್ತುತಿಯೇ: ಅವರು ಕೇಳಬಯಸಿದ್ದನ್ನು ಕೇಳಿಸಿದನು. ಶಿಲುಬೆಯನ್ನು ಬೇಗನೆ ದಾಟಿ ಪುನರುತ್ಥಾನದ ಸಮಾಧಾನಕ್ಕೆ ಓಡುವ ಪ್ರಸಂಗವೂ ಸಭೆಗೆ ಮಾಡುವ ಇಂಥ ಮುಖಸ್ತುತಿಯೇ ಎಂಬುದನ್ನು ನಾವು ಮರೆಯಬಾರದು.

ದೀಕ್ಷೆಯ ದಿನ ನಾವು ಮೇಲಿನವರಿಗೆ ವಿಧೇಯರಾಗಿರುವ ಮಾತು ಕೊಡುತ್ತೇವೆ. ವರ್ಗಾವಣೆ, ಹುದ್ದೆ, ಮಕ್ಕಳ ವಿದ್ಯಾಭ್ಯಾಸ, ಇರುವ ಮನೆ ಎಲ್ಲವೂ ಒಂದು ಸಹಿಯನ್ನು ಕಾಯುತ್ತಿರುವಾಗ, ಸನ್ಮಾನದ ವೇದಿಕೆಯಲ್ಲಿ ನಮ್ಮ ಬಾಯಿಂದ ಯಾವ ಮಾತು ಬರುತ್ತದೆಂದು ನಾವೇ ಬಲ್ಲೆವು. ಕೇಫನು ಅಂತಿಯೋಕ್ಯಕ್ಕೆ ಬಂದಾಗ ಪೌಲನು ಅವನನ್ನು ಮುಖಾಮುಖಿಯಾಗಿ ಎದುರಿಸಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರಿಕೆ ಹೇಳುತ್ತದೆ; ಸಭೆಯು ಆ ಪತ್ರಿಕೆಯನ್ನು ಸುಟ್ಟುಹಾಕಲಿಲ್ಲ, ಶಾಸ್ತ್ರವಾಗಿ ಕಾಪಾಡಿಕೊಂಡಿತು. ಕೆಳಗೆ ನಿಂತವರಿಗೆ ಕಾರ್ನ್‌ವಾಲನ ಆಳು ಮಾದರಿ. ಆದರೆ ನಮ್ಮಲ್ಲಿ ಪ್ರತಿಯೊಬ್ಬರೂ ಯಾರಿಗಾದರೂ ಮೇಲಿನವರೇ: ಸಭಾಪಾಲಕನಿಗೆ ಗುಡಿಸುವವನಿದ್ದಾನೆ, ಗುರುವಿಗೆ ವಿದ್ಯಾರ್ಥಿಯಿದ್ದಾನೆ. ನಮ್ಮೆದುರು ಅಲ್ಲ ಎನ್ನಲು ಹೆದರುವವರು ಯಾರು, ಅವರ ಅನ್ನ ನಮ್ಮ ಕೈಯಲ್ಲಿ ಎಷ್ಟು ಸಿಕ್ಕಿಕೊಂಡಿದೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು.

ನಾಟಕದ ಕೊನೆಯ ಮಾತು, ಹೇಳಬೇಕಾದದ್ದನ್ನಲ್ಲ, ನಮ್ಮ ಹೃದಯಕ್ಕೆ ನಿಜವೆನಿಸಿದ್ದನ್ನೇ ನುಡಿಯಬೇಕೆಂಬುದು. 1608ರ ಪ್ರತಿ ಅದನ್ನು ಆಲ್ಬನಿಯ ಬಾಯಲ್ಲಿ ಇಡುತ್ತದೆ, 1623ರದು ಎಡ್ಗರನ ಬಾಯಲ್ಲಿ. ಒಬ್ಬನು ಹುಟ್ಟಿನಿಂದ ಪ್ರಭು. ಇನ್ನೊಬ್ಬನು ಭಿಕ್ಷುಕನ ವೇಷದಲ್ಲಿ ಹುಲ್ಲಿನ ಮೇಲೆ ಮಲಗಿ ಬಂದವನು. ಯಾರ ಬಾಯಿಂದ ಬಂದರೂ ಆ ಮಾತನ್ನು ಮೊದಲ ದೃಶ್ಯದಲ್ಲಿಯೇ ಕಿರಿಯ ಮಗಳೊಬ್ಬಳು ಆಡಿಯಾಗಿತ್ತು. ಅಂದು ಕೇಳುವ ಕಿವಿಯೊಂದಿದ್ದಿದ್ದರೆ ಉಳಿದ ನಾಲ್ಕು ಅಂಕಗಳ ನೆತ್ತರು ಹರಿಯುತ್ತಿರಲಿಲ್ಲ.